ಎರಡು ಆವರ್ತಗಳ ಮೌನ

ಪೂಜ್ಯ ಅಪ್ಪನವರಿಗೆ,

ಇಂದು ಮಾರ್ಚ್ ಹದಿನಾಲ್ಕು. ತಂತಿವಾದ್ಯಗಳಿಗಾಗಿ ನಾನು ಬರೆದ ಶೋಕಕೃತಿಯನ್ನು ನಿಮ್ಮ ವಾದ್ಯವೃಂದದಲ್ಲಿ ನೀವೇ ನಿರ್ದೇಶಿಸುವುದಾಗಿ ಹೇಳಿ, ಕೊಡು ಎಂದು ಕೇಳಿದ್ದಿರಿ. ಅದಕ್ಕೆ ಉತ್ತರಿಸುವುದಷ್ಟೇ ಈ ಪತ್ರದ ಉದ್ದೇಶ. ಮೂರು ವಾರ ತಡವಾಯಿತು, ಕ್ಷಮಿಸಿ. ಪರೀಕ್ಷೆಯ ನೆಪ ಹೇಳಬಹುದಿತ್ತು. ಆದರೆ ಪರೀಕ್ಷೆಗಳು ನನ್ನಿಂದ ಎಂದೂ ಅಷ್ಟು ಸಮಯ ಬೇಡಿದವಲ್ಲ. ತರಗತಿಗೆ ಈ ಸಲವೂ ನಾನೇ ಮೊದಲು. ನಿಮ್ಮ ಭುಜದ ನೋವು ಹೇಗಿದೆ?

ಮೊನ್ನೆ ಕಾಲೇಜಿನಲ್ಲಿ ಕೃತಿಯನ್ನು ನುಡಿಸಿ ನೋಡಿದೆವು. ನಲವತ್ತನೆಯ ಆವರ್ತದಿಂದ ಎರಡು ಆವರ್ತಗಳ ಕಾಲ ಎರಡನೇ ಪಿಟೀಲಿನ ಗುಂಪಿನಲ್ಲಿ ಅರ್ಧ ಜನ ಕಮಾನು ಇಳಿಸಬೇಕು. ಅವರಲ್ಲೊಬ್ಬ, ನಾವೆಲ್ಲ ಲಂಬೂ ಎನ್ನುವವನು, "ಏನಮ್ಮಾ ಫಸ್ಟ್ ರ‍್ಯಾಂಕು, ಸ್ವರ ಬರೆಯೋಕೆ ಮರೆತೆಯಾ, ಇಲ್ಲ ಪಾಪ ಅಂತ ನಮಗೆ ರಜೆ ಕೊಟ್ಟೆಯಾ?" ಎಂದು ಛೇಡಿಸಿದ. ಎಲ್ಲರೂ ನಕ್ಕರು. "ಬರೆದಿರೋದನ್ನ ನುಡಿಸು, ಸಾಕು" ಎಂದೆ. ಎರಡನೇ ಸಲ ಯಾರೂ ನಗಲಿಲ್ಲ. "ಪಕ್ಕದಿಂದ ಯಾರೋ ಎದ್ದು ಹೋದ ಹಾಗಾಯ್ತಲ್ಲ" ಎಂದು ಅವನೇ ಗೊಣಗಿದ.

ನೀವು ಮಾತ್ರ, ನೋಡಲೆಂದು ನಾನು ಕಳಿಸಿದ್ದ ಪ್ರತಿಯಲ್ಲಿ, ಆ ಎರಡು ಆವರ್ತಗಳನ್ನು ಕೆಂಪು ಪೆನ್ಸಿಲಿನಿಂದ ತುಂಬಿ, "ಬಿಟ್ಟುಹೋಗಿತ್ತು, ಸರಿಪಡಿಸಿದ್ದೇನೆ ಮಗಳೇ" ಎಂದು ಬರೆದು ಕಳಿಸಿದ್ದೀರಿ.

ಬಿಟ್ಟುಹೋಗಿಲ್ಲ, ಅಪ್ಪ. ನಿಮ್ಮ ವೃಂದದ ಎರಡನೇ ಪಿಟೀಲಿನವರ ಕೊನೆಯ ಸಾಲಿನಲ್ಲಿ, ಒಳಬದಿಯ ಕುರ್ಚಿಯಲ್ಲಿ, ಅಮ್ಮ ಹದಿನೆಂಟು ವರ್ಷ ಕೂತಳು. ಸ್ವರದ ಹಾಳೆ ಇಡಲು ಇಬ್ಬರಿಗೆ ಒಂದೇ ಸ್ಟ್ಯಾಂಡು. ಪುಟ ಮುಗಿದಾಗ ಒಳಬದಿಯವರು ನುಡಿಸುವುದನ್ನು ನಿಲ್ಲಿಸಿ ಹಾಳೆ ಮಗುಚಬೇಕು. ಹೊರಬದಿಯವರು ನುಡಿಸುತ್ತಲೇ ಇರುತ್ತಾರೆ. ಅಮ್ಮ ಹಾಳೆ ಮಗುಚುವಷ್ಟು ಹೊತ್ತನ್ನೇ ನಾನು ಅಲ್ಲಿ ಬರೆದಿರುವುದು. ಹದಿನೆಂಟು ವರ್ಷ ಅವಳೆದುರು ನಿಂತ ನಿಮಗೆ ಅದು ತಪ್ಪಾಗಿ ಕಂಡಿತು.

ಕೆಂಪು ಗುರುತುಗಳನ್ನು ಅಳಿಸಿದ್ದೇನೆ. ಅಲ್ಲಿ ಕಾಗದ ಸ್ವಲ್ಪ ತೆಳುವಾಗಿದೆ, ಹರಿದಿಲ್ಲ. ಮುಂದಿನ ತಿಂಗಳು ಕಾಲೇಜಿನಲ್ಲಿ ನಾನೇ ನಿರ್ದೇಶಿಸುತ್ತೇನೆ.

ಔಷಧಿ ತಪ್ಪಿಸಬೇಡಿ. ನಿಮಗೆ ಒಳಿತಾಗಲಿ.

ಇಂತಿ,
ನಿಮ್ಮ ಮಗಳು

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡದ್ದು: ಅಮ್ಮನ ಕೊನೆಯ ಸಂಜೆ ನಿಮ್ಮನ್ನು ಕರೆಯಲು ಆಸ್ಪತ್ರೆಯಿಂದ ಸಭಾಂಗಣಕ್ಕೆ ಓಡಿ ಬಂದಿದ್ದೆ. "ಕಾರ್ಯಕ್ರಮ ಮುಗಿಸಿಯೇ ಬರ್ತೀನಿ, ನಡಿ" ಎಂದಿರಿ. ಅವಳ ಕುರ್ಚಿಯಲ್ಲಿ ಆಗಲೇ ಯಾರೋ ಪಿಟೀಲು ಶ್ರುತಿ ಮಾಡುತ್ತಿದ್ದರು. ಆಸ್ಪತ್ರೆಗೆ ಮರಳಿದಾಗ ಅಮ್ಮ, "ನನ್ನ ಜಾಗ ಖಾಲಿ ಇಟ್ಟಿದ್ದಾರಾ?" ಎಂದು ಕೇಳಿದಳು. ಇಟ್ಟಿದ್ದಾರೆ ಎಂದೆ.

ಕೃತಿಯನ್ನು ನಿಮಗೆ ಕೊಡುವುದಿಲ್ಲ.