ಕಸೂತಿ ಯಂತ್ರ ನಮ್ಮದು, ಬಳ್ಳಿ ಯಾರದು?

ಕತ್ತರಿಯಿಂದ ಶುರುವಾದ ನಮ್ಮ ಮಾತು ಅರ್ಧಕ್ಕೇ ನಿಂತಿತ್ತು ನೋಡಿ ನಿನ್ನೆ ನಿಮ್ಮ ಕಚೇರಿಯಲ್ಲಿ, ಮಾನ್ಯ ಗ್ರಾಹಕ ಹಕ್ಕುಗಳ ಅಧಿಕಾರಿಗಳೇ. ತೀರಿಹೋದ ನನ್ನ ಹೆಂಡತಿಯ ಕತ್ತರಿಯನ್ನು ಬೇರೆಯವರಿಗೆ ಕೊಡಬಹುದೇ ಎಂದು ಕೇಳಿದೆ. ‘ಧಾರಾಳವಾಗಿ ಕೊಡಿ, ಬೇಕಾದ್ರೆ ಮಾರಿ’ ಎಂದಿರಿ. ಅವಳು ಹೊಲಿಯುತ್ತ ಕೇಳುತ್ತಿದ್ದ ಹಾಡಿನ ಕ್ಯಾಸೆಟ್ಟುಗಳು? ‘ಒಂದ್ಸಲ ಕೊಂಡ ಮೇಲೆ ನಿಮ್ಮದೇ ಅಲ್ವೇನ್ರೀ’ ಎಂದು ನಕ್ಕಿರಿ. ಕಸೂತಿ ಯಂತ್ರ ನಡೆಸುವ ಸಾಫ್ಟ್‌ವೇರ್ ಎಂದದ್ದೇ ತಡ, ನಿಮ್ಮ ನಗು ಇಳಿದು ಕಣ್ಣು ಗಡಿಯಾರದ ಕಡೆ ಹೋಯಿತು. ಉಳಿದದ್ದನ್ನು ಎಲ್ಲರೂ ಓದುವಂತೆ ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಂಡತಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಕಸೂತಿ ಯಂತ್ರ ಕೊಂಡಳು. ಸಾಫ್ಟ್‌ವೇರ್ ಆಗ ಪೆಟ್ಟಿಗೆಯಲ್ಲಿ, ಬೆಳ್ಳಿಯಂತೆ ಹೊಳೆಯುವ ಸೀಡಿಯಲ್ಲಿ ಬಂದಿತ್ತು. ಆಮೇಲೊಂದು ದಿನ ಕಂಪನಿಯವರು, ಸೀಡಿ ಇನ್ನು ನಡೆಯದು, ಎಲ್ಲವನ್ನೂ ನಮ್ಮ ಆನ್‌ಲೈನ್ ಖಾತೆಗೆ ಹಾಕಿ, ಅಲ್ಲೇ ಕ್ಷೇಮ ಎಂದರು. ಹಾಕಿದಳು. ಕೊಂಡ ಸಾಫ್ಟ್‌ವೇರ್ ಅಷ್ಟೇ ಅಲ್ಲ, ತಾನೇ ಕೂತು ಬರೆದ ಇನ್ನೂರಕ್ಕೂ ಹೆಚ್ಚು ಬಳ್ಳಿ, ಹೂವು, ಹಕ್ಕಿಗಳ ಡಿಸೈನುಗಳನ್ನೂ. ಅವಳ ಪಕ್ಕದಲ್ಲಿ ಹದಿನಾಲ್ಕು ವರ್ಷ ಕೂತು ಹೊಲಿದವಳು ಕಾಜಾ ಅಕ್ಕ. ಗುಂಡಿ ಕಾಜಾ ಹಾಕಲು ಬಂದವಳು, ಆ ಹೆಸರೇ ನಿಂತಿತು. ಆಸ್ಪತ್ರೆಯ ಮಂಚದ ಮೇಲಿಂದ ನನ್ನವಳು ಹೇಳಿದ್ದಿಷ್ಟೇ: “ಮಿಷಿನ್ನೂ ಅವಳಿಗೆ, ಡಿಸೈನೂ ಅವಳಿಗೆ. ನೀವು ಮಧ್ಯೆ ತಲೆ ಹಾಕ್ಬೇಡಿ.”

ಹಾಕಿದೆ. ಮೂವತ್ತು ವರ್ಷ ಗೋದಾಮಿನ ಪತ್ರವ್ಯವಹಾರ ನೋಡಿಕೊಂಡವನು ನಾನು. ವಸ್ತು ಕೈ ಬದಲಾದರೆ ಕಾಗದ ಬರೆಯದೆ ನಿದ್ದೆ ಬಾರದು. ‘ಇನ್‌ಫಾರ್ಮ್’ ಆದಮೇಲೆ ‘ಆಫ್’ ಬರುತ್ತದೋ ‘ಅಬೌಟ್’ ಬರುತ್ತದೋ, ಕಾಲೇಜಿನ ಮೇಷ್ಟ್ರು ಏನು ಹೇಳಿದ್ದರೋ ಎಂದು ಅರ್ಧ ದಿನ ತಲೆ ಕೆರೆದುಕೊಂಡು ಕಂಪನಿಗೆ ಬರೆದೆ: ಮೈ ವೈಫ್ ಈಸ್ ನೋ ಮೋರ್, ಖಾತೆಯನ್ನು ಇಂಥವರ ಹೆಸರಿಗೆ ಮಾಡಿ, ಕೈಂಡ್ಲಿ ಡೂ ದ ನೀಡ್‌ಫುಲ್. ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದೆ. ಅವರು ನೀಡ್‌ಫುಲ್ ಮಾಡಿದರು. ಮೊದಲ ಸಾಲಿನಲ್ಲಿ ಸಂತಾಪ. ಎರಡನೆಯದರಲ್ಲಿ, ನಾವು ಮಾರಿಲ್ಲ, ಬಳಸಲು ಅನುಮತಿ ಕೊಟ್ಟಿದ್ದೆವು, ಅದು ಅವರೊಂದಿಗೇ ಮುಗಿಯಿತು. ಮೂರನೆಯದರಲ್ಲಿ, ಖಾತೆ ಮುಚ್ಚಿದೆ, ಮೂವತ್ತು ದಿನಕ್ಕೆ ಎಲ್ಲ ಅಳಿಸಲಾಗುವುದು.

ಕಾಜಾ ಅಕ್ಕ ಹಣೆ ಚಚ್ಚಿಕೊಂಡಳು.

“ಸತ್ಯ ಬರೀರಿ ಅಂತ ಯಾರು ಹೇಳಿದ್ರು ಭಾವ ನಿಮಗೆ? ಅಕ್ಕ ಇದಾಳೋ ಇಲ್ವೋ, ಆ ಕಂಪ್ಯೂಟರ್‌ಗೇನ್ ಗೊತ್ತಿತ್ತು?”

“ಕಾನೂನು ಅಂತ ಒಂದಿದೆಯಲ್ಲಮ್ಮ...”

“ಪಾಸ್‌ವರ್ಡು ಗೋಡೆ ಮೇಲೇ ಬರೆದಿತ್ತು. ಸುಮ್ನಿದ್ದಿದ್ರೆ ಅಕ್ಕ ಇನ್ನೂ ನೂರು ವರ್ಷ ಬದುಕಿರೋಳು ಅದ್ರೊಳಗೆ!”

ಈಗ ಹೇಳಿ ಮಾನ್ಯರೇ, ಸುಳ್ಳು ಹೇಳಿದವರಿಗೆ ಸಿಗುವುದು ಸತ್ಯ ಹೇಳಿದವನಿಗೆ ಸಿಗದಂತೆ ಮಾಡುವುದಕ್ಕೆ ಕಾನೂನು ಎನ್ನುತ್ತೀರಾ? ಕೊಳ್ಳುವಾಗ ಅವರ ವೆಬ್‌ಸೈಟಿನ ಗುಂಡಿಯ ಮೇಲೆ ‘ಬೈ’ ಎಂದು ಬರೆದಿತ್ತು. ನಾನು ಓದಿದ ಇಂಗ್ಲಿಷಿನಲ್ಲಿ ಅದಕ್ಕೆ ಕೊಳ್ಳು ಎಂದರ್ಥ. ನೀನು ಉಸಿರಾಡುವತನಕ ಬಳಸಿಕೋ ಎಂದು ಯಾವ ಡಿಕ್ಷನರಿಯಲ್ಲೂ ಕಂಡಿಲ್ಲ. ಕ್ಯಾಸೆಟ್ಟಿನ ಹಾಡು ಕೈ ಬದಲಾಯಿಸಬಹುದು, ಅದೇ ಹಾಡು ಇಂಟರ್ನೆಟ್ಟಿನ ತಂತಿಯೊಳಗಿಂದ ಬಂದರೆ ಕೂಡದು. ಹಾಡಿಗೆ ಗೊತ್ತೇ ತಾನು ಯಾವ ದಾರಿಯಲ್ಲಿ ಬಂದೆನೆಂದು? ಪ್ರತಿ ಮಾಡಿಟ್ಟುಕೊಂಡು ಮಾರಿಬಿಡುತ್ತೀರಿ ಎಂಬುದು ಅವರ ಭಯ. ಭಯ ನ್ಯಾಯವೇ, ಒಪ್ಪುತ್ತೇನೆ. ನನ್ನವಳ ಖಾತೆಯಲ್ಲಿ ಅಳಿಸಿ ಕಾಜಾ ಅಕ್ಕನ ಖಾತೆಯಲ್ಲಿ ಇಡಿ ಎಂದಷ್ಟೇ ನಾನು ಕೇಳಿದ್ದು. ಅದೂ ಹೋಗಲಿ, ಆ ಬಳ್ಳಿಗಳನ್ನು ಕಂಪನಿ ಬರೆದದ್ದಲ್ಲ. ಬೀಗ ಮಾರಿದವನು ಪೆಟ್ಟಿಗೆಯೊಳಗಿನ ಸೀರೆಯನ್ನೂ ತನ್ನದೆಂದರೆ ಏನೆನ್ನುತ್ತೀರಿ? ನಮ್ಮ ಯಂತ್ರ ಈಗ ಕೋಣೆಯ ಮೂಲೆಯಲ್ಲಿ ಹಲ್ಲಿದ್ದೂ ಕಡಲೆಯಿಲ್ಲದ ಮುದುಕನಂತೆ ಕೂತಿದೆ. ಕಾಜಾ ಅಕ್ಕನ ಕೆಲಸವೂ ಅದರ ಪಕ್ಕದಲ್ಲೇ ಕೂತಿದೆ.

ನೀವೇನು ಮಾಡುತ್ತೀರೆಂದು ನನಗೆ ಗೊತ್ತು. ‘ಸಂಬಂಧಪಟ್ಟ ವಿಭಾಗಕ್ಕೆ’ ಎಂದು ಮೂಲೆಯಲ್ಲಿ ಬರೆಯುತ್ತೀರಿ. ನಾನೂ ಮೂವತ್ತು ವರ್ಷ ಅದನ್ನೇ ಬರೆದೆ. ಆ ವಿಭಾಗವನ್ನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಆದರೂ ಕೇಳುತ್ತೇನೆ. ಕೊಂಡವರು ಸತ್ತರೆ ಕೊಂಡದ್ದೂ ಸಾಯಬೇಕಿಲ್ಲ ಎಂದು ನಿಯಮ ಮಾಡಿ. ಅದಕ್ಕೆ ನನ್ನ ಆಯುಷ್ಯ ಸಾಲದೆಂದರೆ ಒಂದೇ ಒಂದು ಆದೇಶ ಕೊಡಿ: ಅಳಿಸಬೇಡಿ. ಇನ್ನು ಹನ್ನೆರಡು ದಿನವಿದೆ.

ನಾವು ಸುಮ್ಮನೆ ಕೂತಿಲ್ಲ. ಗಿರಾಕಿಗಳ ಮನೆ ಸೇರಿದ ಬಟ್ಟೆಗಳನ್ನು ಬಿಟ್ಟರೆ ನಮ್ಮಲ್ಲಿ ಉಳಿದದ್ದು ಅವಳು ಕಸೂತಿ ಹಾಕಿದ ಒಂದು ದಿಂಬಿನ ಚೀಲ. ಅದನ್ನು ಕಿಟಕಿಯ ಗಾಜಿಗೆ ಒತ್ತಿ, ಮೇಲೆ ತೆಳು ಕಾಗದ ಇಟ್ಟು, ಹಿಂದಿನಿಂದ ಬರುವ ಬೆಳಕಿನಲ್ಲಿ ಕಾಜಾ ಅಕ್ಕ ಪೆನ್ಸಿಲಿನಿಂದ ಬಳ್ಳಿ ಇಳಿಸಿಕೊಳ್ಳುತ್ತಿದ್ದಾಳೆ. ಎಡಗೈಯಲ್ಲಿ ಚೀಲದ ತುದಿ ಹಿಡಿದು, ಬಲಗೈಯಲ್ಲಿ ನಾನು ಇದನ್ನು ಬರೆಯುತ್ತಿದ್ದೇನೆ. ಇದೂ ಅಪರಾಧವಾದರೆ ತಿಳಿಸಿ. ಬಳ್ಳಿ ಅರ್ಧ ಇಳಿದಿದೆ. “ಭಾವ, ಸ್ವಲ್ಪ ಮೇಲೆತ್ತಿ, ಎಲೆ ಕಾಣಿಸ್ತಿಲ್ಲ” ಎನ್ನುತ್ತಿದ್ದಾಳೆ. ಎತ್ತಿಯೇ ಹಿಡಿದಿದ್ದೇನೆ. ಬೆಳಕು ಹೋಗುತ್ತಿದೆ.

ಇಂತಿ,
ಎರಡೂ ಕೈ ಬೇಕಾಗಿರುವುದರಿಂದ ಇಲ್ಲಿಗೇ ನಿಲ್ಲಿಸಿದ,
ಕೊಂಡೆನೆಂದು ನಂಬಿದ್ದವಳ ಗಂಡ