ಅಂಗಳದಲ್ಲಿ ನಿಲ್ಲದವರ ಸಾಲ

ಮಾನ್ಯ ಸಮಾಪನಾಧಿಕಾರಿಗಳೇ,

ಮುಳುಗಿದ ನಮ್ಮ ಪತ್ತಿನ ಸಹಕಾರ ಸಂಘದ ದೊಡ್ಡ ಸಾಲಗಾರರ ಹೆಸರುಗಳನ್ನು ಸದಸ್ಯರ ಮುಂದೆ ಓದಿರೆಂದು ಕೇಳಿದೆವು. ‘ಸಾಲಗಾರರ ವಿವರ ಗೌಪ್ಯ, ಸಭೆಯ ಅಗತ್ಯ ಕಂಡುಬರುವುದಿಲ್ಲ’ ಎಂದು ತಾವು ಉತ್ತರಿಸಿದ್ದೀರಿ. ವಾಕ್ಯರಚನೆ ನಿರ್ದುಷ್ಟವಾಗಿದೆ, ಅಭಿನಂದನೆಗಳು. ಆದರೆ ಯಾರಿಂದ ಗೌಪ್ಯ? ಠೇವಣಿ ಇಟ್ಟ ನಮ್ಮಿಂದಲೇ? ಆ ಉತ್ತರ ಓದಿದಂದಿನಿಂದ ನನಗೆ ಕುಳಿತಲ್ಲಿ ಕೂರಲಾಗುತ್ತಿಲ್ಲ.

ಮುಳುಗಿದ ಸಂಘದ ಲೆಕ್ಕ ತೀರಿಸುವ ಈ ಹುದ್ದೆಗೆ ತಾವು ಹೊಸಬರು, ಆದ್ದರಿಂದ ಹೇಳಬೇಕಾಗಿದೆ. ಈ ಸಂಘ ಹುಟ್ಟಿದ್ದು ಹರಪನಹಳ್ಳಿಯ ಒಂದು ಹಂಚಿನ ಮನೆಯ ಅಂಗಳದಲ್ಲಿ, ಸಂತೆಯ ದಿನ. ಸಾಲ ಬೇಕಾದವರು ಎಲ್ಲರೆದುರು ನಿಂತು, ಏತಕ್ಕೆ ಬೇಕು, ಹೇಗೆ ತೀರಿಸುತ್ತೇವೆ ಎಂದು ಹೇಳಬೇಕಿತ್ತು. ನೆರೆಯವರೊಬ್ಬರು ಎದ್ದು ‘ನಾ ಬಲ್ಲೆ’ ಎನ್ನಬೇಕಿತ್ತು. ಅದೇ ಜಾಮೀನು. ಬಸ್ ನಿಲ್ದಾಣದ ಬಳಿ ಮಂಡಕ್ಕಿ, ಮಿರ್ಚಿ ಮಾರುವ ಪಕ್ಕೀರಮ್ಮ ಮೊದಲ ಸಲ ನಿಂತಾಗ ಎರ್ರೆಪ್ಪನೆಂಬ ಸದಸ್ಯ ಕೆಣಕಿದ: “ಏನಬೇ, ಗಂಡಗ ಹೊಸ ಪಂಚಿ ತರಾಕ ಸಾಲೇನು?”

“ಅವಗ ಪಂಚಿ ಉಡಿಸಿದ್ರ ನಿನ್ನಂಗ ಕಟ್ಟಿ ಮ್ಯಾಲ ಕುಂದರ್ತಾನ. ನನಗ ಮಿರ್ಚಿ ಕರಿಯಾಕ ದೊಡ್ಡ ಬಾಂಡ್ಲಿ ಬೇಕಾಗೈತಿ!”

ಅಂಗಳವೆಲ್ಲ ನಕ್ಕಿತು. ನಾನು ಎದ್ದು ‘ಬಲ್ಲೆ’ ಎಂದೆ. ಆಕೆ ಸಾಲ ತೀರಿಸಿದಳು. ಮುಂದೆ ತನ್ನ ಉಳಿತಾಯವನ್ನೆಲ್ಲ ಅಲ್ಲಿಯೇ ಇಟ್ಟಳು.

ಸಂಘ ಬೆಳೆಯಿತು. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳಲ್ಲಿ ಶಾಖೆಗಳಾದವು, ಗಾಜಿನ ಬಾಗಿಲುಗಳು ಬಂದವು. ಒಂದು ದಿನ ಮೆಕ್ಕೆಜೋಳದ ದೊಡ್ಡ ವರ್ತಕರೊಬ್ಬರು ಸಾಲ ಕೇಳಲು ಬಂದರು. “ಅಂಥೋರ್ನ ಬಿಸಲಾಗ ನಿಲ್ಲಸ್ತೀರೇನ್ರಿ? ಒಳಗ ಕುರ್ಚಿ ಹಾಕ್ರಿ!” ಹೀಗೆ ಕೂಗಿದವರು ಅಧ್ಯಕ್ಷರಲ್ಲ, ಸದಸ್ಯರು. ದೊಡ್ಡವರಿಗೆ ಮರ್ಯಾದೆ ಕೊಡುವುದರಲ್ಲಿ ನಮ್ಮ ಸೀಮೆಯವರು ಎಂದೂ ಹಿಂದೆ ಬಿದ್ದವರಲ್ಲ. ಆ ಕುರ್ಚಿ ಮತ್ತೆ ಹೊರಗೆ ಬರಲಿಲ್ಲ. ಅದರಲ್ಲಿ ವರ್ತಕರ ಅಳಿಯ ಕುಳಿತ, ಅಳಿಯನ ಪಾಲುದಾರ ಕುಳಿತ, ಕೊನೆಗೆ ನಿರ್ದೇಶಕರ ಬೀಗರೂ ಕುಳಿತರು. ಕದ ಮುಚ್ಚಿದ ಆ ಕೋಣೆಯಲ್ಲಿ ದಾಖಲೆಗಳೆಲ್ಲ ಸರಿಯಾಗಿದ್ದವು. ‘ನಾ ಬಲ್ಲೆ’ ಎನ್ನುವವರು ಮಾತ್ರ ಇರಲಿಲ್ಲ. ಲೆಕ್ಕಪರಿಶೋಧಕರು ಆ ದಾಖಲೆಗಳಿಗೆ ‘ಎ’ ಶ್ರೇಣಿ ದಯಪಾಲಿಸಿದರು. ನಾನು ಮೇಷ್ಟ್ರಾಗಿದ್ದಾಗ ನನ್ನ ತರಗತಿಯಲ್ಲಿ ಅಂಥ ಉತ್ತರಪತ್ರಿಕೆಗೆ ಸೊನ್ನೆ ಸಿಗುತ್ತಿತ್ತು. ಕುರ್ಚಿಯಲ್ಲಿ ಕುಳಿತವರ ಸಾಲ ಮರಳಲಿಲ್ಲ, ಹೋದ ವರ್ಷ ಗಾಜಿನ ಬಾಗಿಲಿಗೆ ಬೀಗ ಬಿತ್ತು.

ಈಗ ಪಕ್ಕೀರಮ್ಮ ಬಾಡಿಗೆಗಿರುವ ಮಳಿಗೆಯನ್ನು ಅದರ ಮಾಲೀಕ ಮಾರಲು ಹೊರಟಿದ್ದಾನೆ. ಆಕೆಗೆ ದೀಪಾವಳಿಯವರೆಗೆ ಗಡುವು ಕೊಟ್ಟಿದ್ದಾನೆ. ಠೇವಣಿ ಮರಳಿದರೆ ಮಳಿಗೆ ಆಕೆಯದು, ಇಲ್ಲವಾದರೆ ಬಾಂಡ್ಲಿ ಬೀದಿಗೆ. ಕಳೆದ ವಾರ ಆಕೆಯೊಂದಿಗೆ ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತರು, “ದೊಡ್ಡೋರ ಹೆಸರು ನಿಂಗ್ಯಾಕಬೇ? ಅದು ಗೌಪ್ಯ ಐತಿ” ಎಂದರು.

“ನಾ ಸಾಲ ಕೇಳಿದಾಗ ಮನ್ಯಾಗ ಎಷ್ಟು ಕುರಿ ಅದಾವು, ಗಂಡ ಎಷ್ಟು ಕುಡಿತಾನ ಅಂತ ಊರ ಮಂದಿ ಮುಂದ ಹೇಳೀನಿ ಯಪ್ಪಾ. ಆವಾಗ ನಂದು ಗೌಪ್ಯ ಎಲ್ಲಿ ಹೋಗಿತ್ತು?”

ಗುಮಾಸ್ತರು ಫ್ಯಾನಿನ ವೇಗ ಹೆಚ್ಚಿಸಿದರು. ಉತ್ತರ ತಮ್ಮಲ್ಲಾದರೂ ಇದೆಯೇ?

‘ಸಾಲಗಾರರ ಹೆಸರಿನಲ್ಲಿ ಆಸ್ತಿ ಪತ್ತೆಯಾಗಿಲ್ಲ’ ಎಂದೂ ತಾವು ಬರೆದಿದ್ದೀರಿ. ಹೇಗೆ ಪತ್ತೆಯಾದೀತು? ಯಾವ ಗೋದಾಮು ಯಾರ ಹೆಂಡತಿಯ ಹೆಸರಿನಲ್ಲಿದೆ, ಯಾವ ಹೊಲವನ್ನು ಯಾವ ಭಾವಮೈದುನ ಉಳುತ್ತಾನೆ ಎಂಬುದು ತಮ್ಮ ಕಡತಕ್ಕೆ ತಿಳಿಯದು, ಸಂತೆಗೆ ತಿಳಿದಿದೆ. ಆದುದರಿಂದ ದೀಪಾವಳಿಗೆ ಮುನ್ನ, ಸಂತೆಯ ದಿನ, ಅದೇ ಅಂಗಳದಲ್ಲಿ ಸಭೆ ಕರೆಯಿರಿ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ. ಬಂದವರು ನಿಂತು ಉತ್ತರಿಸಲಿ. ಬಾರದವರ ಪರವಾಗಿ ‘ನಾ ಬಲ್ಲೆ’ ಎಂದು ಏಳಲು, ಅವರ ಆಸ್ತಿಯ ಗುರುತು ಹೇಳಲು, ನಾವೆಲ್ಲ ಇದ್ದೇವೆ.

ತಾವೂ ಬನ್ನಿ. ಬಿಸಿಲಾದರೆ ಕೊಡೆ ಹಿಡಿಯುತ್ತೇನೆ. ಕುರ್ಚಿ ಮಾತ್ರ ಹಾಕುವುದಿಲ್ಲ.

ಇಂತಿ,
ಆ ಅಂಗಳದಲ್ಲಿ ಈಗಲೂ ಸಂತೆಯ ದಿನ ಸುಮ್ಮನೆ ಅಡ್ಡಾಡುವ,
ಗುರುಸಂಗಪ್ಪ
ನಿವೃತ್ತ ಮುಖ್ಯೋಪಾಧ್ಯಾಯ,
ಇಲ್ಲದ ಸಂಘದ ಕಾಯಂ ಸದಸ್ಯ