ಮೇಕೆಯ ದನಿ

ಸ್ಟಾಕ್‌ಹೋಮ್, ೨೪ ಆಗಸ್ಟ್ ೧೯೦೭

ಮುಖ ಇನ್ನೂ ಉರಿಯುತ್ತಿದೆ. ಲಾಗರ್‌ಸ್ಟೆಡ್ ಅವರ ಮನೆಯ ಸೀಗಡಿ ಊಟದಲ್ಲಿ ಗ್ರಾಮಫೋನ್ ಹಾಕಿದರು. ಒಪೆರಾದ ನಾಯಕಿ ಪಾತ್ರಗಳಿಗೆ ಸದಾ ನನ್ನೊಡನೆ ಪೈಪೋಟಿಗಿಳಿಯುವ ಒಟೀಲಿಯಾಳ ಹಾಡೇ ಇರಬೇಕೆಂದುಕೊಂಡು, ಅವಳೆದುರೇ, "ಯಾರದಮ್ಮಾ ಇದು? ಮೇಕೆ ಅರಚ್ದಂಗಿದೆ!" ಎಂದು ನಕ್ಕೆ. ಬೇರೆ ಯಾರೂ ನಗಲಿಲ್ಲ.

"ನಂದೇ ಕಣೆ. ಅವತ್ತು ನೆಗಡಿಯಾಗಿತ್ತು," ಎಂದಳು ಒಟೀಲಿಯಾ, ಸೀಗಡಿ ಸುಲಿಯುತ್ತಲೇ.

ಅಷ್ಟರಲ್ಲಿ ತಾರಸ್ವರ ಬಂತು. ದನಿ ಥಟ್ಟನೆ ದೂರ ಸರಿಯಿತು. ಧ್ವನಿಮುದ್ರಣದ ದಿನ ಅದೇ ಸ್ವರಕ್ಕೆ, ಜೋರು ದನಿಗೆ ಮುದ್ರಣ ಕೆಡದಿರಲೆಂದು, ನನ್ನನ್ನು ಭುಜ ಹಿಡಿದು ದನಿ ಹಿಡಿಯುವ ಕೊಳವೆಯಿಂದ ಹಿಂದಕ್ಕೆಳೆದಿದ್ದರು. ನುಡಿಸಿದರೆ ದನಿ ಕೊರೆದ ಮೇಣದ ತಟ್ಟೆ ಹಾಳಾಗುತ್ತದೆಂದು ಅಂದು ಅವರು ನನಗೆ ಅದನ್ನು ಕೇಳಿಸಿರಲಿಲ್ಲ. ಅದು ನನ್ನದೇ ದನಿಯೆಂದು ಮೇಜಿನ ಸುತ್ತ ಕೂತಿದ್ದ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು.

ಗೊತ್ತಾದ ಮೇಲೂ ಅವಳಿಗೆ, "ಬಿಸಿ ಹಾಲಿಗೆ ಜೇನು ಹಾಕ್ಕೊಂಡು ಕುಡಿಯೇ," ಎಂದು ಬುದ್ಧಿ ಹೇಳಿದೆ.

"ಆಗ್ಲಮ್ಮ," ಎಂದಳು.